ಮೊದಲು ನೀರಿನ ಮಟ್ಟ, ಆಮೇಲೆ ಗಾಳ

ರೇಣುಕಾಸಾಗರದ ದಂಡೆಯಲ್ಲಿ ಗೆಳೆಯರೊಂದಿಗೆ ಒಂದು ದಿನ ಮೀನು ಹಿಡಿಯಲು ಹೊರಟವರಿಗೆ

ಮುರಗೋಡದಲ್ಲಿ ಬೆಳಗಿನ ಪೇಪರ್ ಕೈಗೆ ಬಂದರೆ ನಮ್ಮ ಗುಂಪಿನವರು ಮೊದಲು ಹುಡುಕುವುದು ಒಳಪುಟದ ಒಂದು ಸಣ್ಣ ಚೌಕವನ್ನು. ರಾಜ್ಯದ ಜಲಾಶಯಗಳ ಮಟ್ಟ ಅಲ್ಲಿ ಅಚ್ಚಾಗಿರುತ್ತದೆ. ಮಲಪ್ರಭೆಯ, ಅಂದರೆ ನಮ್ಮ ರೇಣುಕಾಸಾಗರದ ಸಾಲಿನಲ್ಲಿ ಗರಿಷ್ಠ ಮಟ್ಟ ಯಾವತ್ತೂ ಒಂದೇ: 2079.50 ಅಡಿ. ಪಕ್ಕದ ಅಂಕಿ ಮಾತ್ರ ದಿನದಿನಕ್ಕೆ ಬದಲಾಗುತ್ತದೆ. ಮುಂದಿನ ರವಿವಾರ ಗಾಳ ಎಲ್ಲಿ ಹಾಕಬೇಕು ಎನ್ನುವುದನ್ನು ನಾವು ತೀರ್ಮಾನಿಸುವುದು ಆ ಅಂಕಿಯನ್ನು ನೋಡಿಯೇ.

ಈ ಪಾಠ ನಮಗೆ ಸುಮ್ಮನೆ ಬರಲಿಲ್ಲ. ಒಮ್ಮೆ ದೀಪಾವಳಿಯ ಆಸುಪಾಸಿನಲ್ಲಿ ಹಿನ್ನೀರಿನ ಒಂದು ಮೂಲೆಯಲ್ಲಿ ಒಳ್ಳೆಯ ಗೆಂಡೆ ಸಿಕ್ಕಿದ್ದವು. ಅದೇ ಆಸೆಯಿಂದ ಯುಗಾದಿ ಕಳೆದ ಮೇಲೆ ಅದೇ ಮೂಲೆಗೆ ಹೋಗಿ, ಬಿಸಿಲು ನೆತ್ತಿಗೆ ಏರುವ ತನಕ ಕುಳಿತೆವು. ಬೆಂಡು ಅಲುಗಲಿಲ್ಲ. ತೆಪ್ಪ ದಂಡೆಗೆ ಎಳೆಯುತ್ತಿದ್ದ ಹಿರಿಯ ಮೀನುಗಾರರೊಬ್ಬರು ನಮ್ಮನ್ನು ನೋಡಿ ಹತ್ತಿರ ಬಂದರು. “ತಮ್ಮಾ, ನೀವು ದೀಪಾವಳಿ ನೀರ ನೆನಪಿಟ್ಟಗೊಂಡು ಯುಗಾದಿಗೆ ಬಂದೀರಿ. ಮೀನ ಇಲ್ಲಿಂದ ಎದ್ದ ಹೋಗಿ ತಿಂಗಳಾತು. ಮೊದಲ ನೀರಿನ ಮಟ್ಟ ಕೇಳ್ರಿ, ಆಮ್ಯಾಲೆ ಗಾಳ ಹಾಕ್ರಿ” ಅಂದರು. ಇಷ್ಟು ವರ್ಷಗಳಲ್ಲಿ ನಾವು ಕಲಿತಿದ್ದೆಲ್ಲ ಆ ಒಂದು ಮಾತಿನ ವಿವರಣೆ.

ಇದು ಕೆರೆಯಲ್ಲ, ಕಟ್ಟಿದ ನೀರು

ಖಾನಾಪುರ ತಾಲೂಕಿನ ಕಣಕುಂಬಿಯಲ್ಲಿ ಹುಟ್ಟುವ ಮಲಪ್ರಭೆ ಸವದತ್ತಿ ಸೀಮೆಗೆ ಬಂದಾಗ ಗುಡ್ಡದ ಸಾಲು ಅಡ್ಡವಾಗುತ್ತದೆ. ಆ ಗುಡ್ಡವನ್ನು ಸೀಳಿಕೊಂಡು ಹೊಳೆ ಹರಿಯುವ ಕಿರಿದಾದ ಕಂದರವೇ ನವಿಲುತೀರ್ಥ. 1970ರ ದಶಕದ ಆರಂಭದಲ್ಲಿ ಅಣೆಕಟ್ಟೆ ಎದ್ದು ನಿಂತದ್ದು ಅಲ್ಲಿಯೇ. ಕಂದರ ಇಕ್ಕಟ್ಟಾಗಿರುವುದರಿಂದ ಕಟ್ಟೆಯ ಉದ್ದ ಸುಮಾರು 154 ಮೀಟರ್ ಮಾತ್ರ; ಅದರ ಬೆನ್ನಿಗೆ ನಿಲ್ಲುವ ನೀರು ತುಂಬಿದಾಗ 37.73 ಟಿಎಂಸಿ ಅಡಿ. ಸವದತ್ತಿಯ ಯಲ್ಲಮ್ಮನ ಇನ್ನೊಂದು ಹೆಸರಿನಿಂದಲೇ ಈ ಜಲಾಶಯ ರೇಣುಕಾಸಾಗರವಾಯಿತು.

ಈ ನೀರು ನಿಲ್ಲುವುದು ಮೀನಿಗಾಗಿ ಅಲ್ಲ, ಹೊಲಕ್ಕಾಗಿ ಮತ್ತು ಕುಡಿಯುವುದಕ್ಕಾಗಿ. ಕಾಲುವೆಗೆ ಬಿಟ್ಟಂತೆ ಅದು ಇಳಿಯುತ್ತದೆ, ಕಣಕುಂಬಿಯಲ್ಲಿ ಮಳೆ ಹೊಡೆದಂತೆ ಏರುತ್ತದೆ. ದಂಡೆ ಇಳಿಜಾರು ಕಡಿಮೆಯಿರುವ ಕಡೆ ಮಟ್ಟ ಸ್ವಲ್ಪವೇ ತಗ್ಗಿದರೂ ನೀರಿನಂಚು ದೂರ ಸರಿದುಬಿಡುತ್ತದೆ. ನವೆಂಬರ್‌ನಲ್ಲಿ ಮೀನು ಮೇಯುತ್ತಿದ್ದ ಜಾಗದಲ್ಲಿ ಮಾರ್ಚ್‌ಗೆ ದನ ಮೇಯುತ್ತಿರುತ್ತವೆ.

ಯಾವ ತಿಂಗಳು, ಯಾವ ಜಾಗ

ಸೆಪ್ಟೆಂಬರ್ ಕೊನೆಯಿಂದ ನವೆಂಬರ್‌ವರೆಗೆ, ಮಳೆ ಚೆನ್ನಾಗಿ ಆದ ವರ್ಷ, ನೀರು ಹುಲ್ಲುಗಾವಲನ್ನೂ ಹಳೆಯ ಹೊಲದ ಬದುಗಳನ್ನೂ ಮುಚ್ಚಿರುತ್ತದೆ. ಹೊಸದಾಗಿ ಮುಳುಗಿದ ನೆಲದಲ್ಲಿ ಹುಳು, ಬೀಜ, ಕೊಳೆತ ಹುಲ್ಲು ಹೇರಳ. ಮೀನು ಅದನ್ನು ಅರಸಿ ದಂಡೆಯ ಹತ್ತಿರಕ್ಕೆ ಬರುತ್ತದೆ. ದೂರ ಎಸೆಯಬೇಕಾಗಿಲ್ಲ, ಆಳು ಮುಳುಗುವಷ್ಟು ನೀರಿದ್ದರೆ ಸಾಕು.

ಡಿಸೆಂಬರ್, ಜನವರಿಯ ಚಳಿಗೆ ಮೀನಿನ ಹಸಿವು ಮಂದ. ಈ ಎರಡು ತಿಂಗಳು ನಸುಕಿನಲ್ಲಿ ಓಡುವ ಅಗತ್ಯವಿಲ್ಲ. ಬಿಸಿಲು ನೀರನ್ನು ಬೆಚ್ಚಗೆ ಮಾಡುವ ಹತ್ತು ಗಂಟೆಯಿಂದ ಮೂರು ಗಂಟೆಯವರೆಗೆ ಕುಳಿತರೆ ಲೇಸು.

ಫೆಬ್ರುವರಿಯಿಂದ ಮೇ ತನಕ ನೀರು ಇಳಿಯುತ್ತ ಹಳೆಯ ಹೊಳೆಯ ಪಾತ್ರದ ಕಡೆಗೆ ಸೇರುತ್ತದೆ. ಮೀನೂ ಅದರ ಜೊತೆಗೇ ಇಳಿಯುತ್ತದೆ. ಆಗ ಕಡಿದಾದ ದಂಡೆ, ಬಂಡೆಗಲ್ಲಿನ ಚಾಚು, ಹಳ್ಳ ಬಂದು ಸೇರುವ ಬಾಯಿ, ಇಂಥವನ್ನು ಹುಡುಕಬೇಕು. ಹೊತ್ತು ಹುಟ್ಟುವ ಮೊದಲಿನ ಒಂದು ತಾಸು, ಮುಳುಗುವ ಮೊದಲಿನ ಒಂದು ತಾಸು ಬಿಟ್ಟರೆ ಉಳಿದದ್ದು ನೆರಳಿನಲ್ಲಿ ಮಲಗುವ ಹೊತ್ತು.

ಜೂನ್‌ನಿಂದ ಆಗಸ್ಟ್‌ವರೆಗೆ ಗಾಳವನ್ನು ಅಟ್ಟದ ಮೇಲಿಡಿ. ಕಟ್ಲಾ, ರೋಹು, ಮೃಗಾಲ್ ಹೊಸ ನೀರಿಗೆ ಎದುರು ಈಜಿ ಮೊಟ್ಟೆ ಬಿಡುವ ಕಾಲ ಅದು. ಆಗ ಹಿಡಿದ ಒಂದು ತುಂಬುಬಸುರಿ ಮೀನು ಎಂದರೆ ಲಕ್ಷಾಂತರ ಮೊಟ್ಟೆಯ ನಷ್ಟ.

ಇನ್ನೊಂದು ಮಾತು ಕ್ಯಾಲೆಂಡರ್ ಬಗ್ಗೆ. ಬನದ ಹುಣ್ಣಿಮೆ, ಭಾರತ ಹುಣ್ಣಿಮೆಯ ದಿನಗಳಲ್ಲಿ ಯಲ್ಲಮ್ಮನ ಗುಡ್ಡಕ್ಕೆ ಹೊರಟ ಚಕ್ಕಡಿ, ಟ್ರ್ಯಾಕ್ಟರ್, ಬಸ್ಸುಗಳಿಂದ ಸವದತ್ತಿಯ ರಸ್ತೆಗಳು ತುಂಬಿರುತ್ತವೆ. ಆ ವಾರ ಬೇರೆ ಕೆಲಸ ಇಟ್ಟುಕೊಳ್ಳಿ. ಉಳಿದ ದಿನಗಳಲ್ಲೂ ಭಕ್ತರು ಸ್ನಾನ ಮಾಡುವ ಜಾಗದ ಹತ್ತಿರ ಗಾಳ, ಮೀನು, ಒಲೆ ಯಾವುದೂ ಬೇಡ.

ಕೇಳಿಯೇ ಕೂಡಬೇಕು

ಜಲಾಶಯದ ಮೀನು ಯಾರದೂ ಅಲ್ಲದ ಸೊತ್ತಲ್ಲ. ಮೀನುಗಾರಿಕೆ ಇಲಾಖೆ ಮರಿ ಬಿಡುತ್ತದೆ. ಪರವಾನಗಿ ಪಡೆದ ಮೀನುಗಾರರ ಮನೆಯ ಒಲೆ ಆ ಮೀನಿನ ಮೇಲೆ ಉರಿಯುತ್ತದೆ. ಆದ್ದರಿಂದ ಹೊರಡುವ ವಾರದ ಮೊದಲೇ ತಾಲೂಕಿನ ಮೀನುಗಾರಿಕೆ ಕಚೇರಿಗೆ ಹೋಗಿ, ಹವ್ಯಾಸಕ್ಕೆ ಗಾಳ ಹಾಕಲು ಏನು ಅನುಮತಿ ಬೇಕು, ಯಾವ ತಿಂಗಳು ನಿಷೇಧ, ಯಾವ ಭಾಗ ಬಿಟ್ಟಿರಬೇಕು ಎಂದು ಕೇಳಿಕೊಳ್ಳಿ. ಅಣೆಕಟ್ಟೆಯ ಸುತ್ತಮುತ್ತ, ಗೇಟಿನ ಮುಂದೆ, ಕಾಲುವೆಯ ಬಾಯಿಯಲ್ಲಿ ಕೂಡುವ ಯೋಚನೆಯೇ ಬೇಡ.

ದಂಡೆಗೆ ಬಂದ ಮೇಲೆ ಅಲ್ಲಿನ ಮೀನುಗಾರರನ್ನು ಮಾತನಾಡಿಸಿ. “ಕಾಕಾ, ಬಲೆ ಎಲ್ಲಿ ಬಿಟ್ಟೀರಿ? ನಾವು ಎಲ್ಲಿ ಕುಂತರ ನಿಮಗ ತೊಂದರೆ ಆಗೂದಿಲ್ಲ?” ಎಂದು ಕೇಳಿ ನೋಡಿ. ಅವರ ಬಲೆಗೆ ನಿಮ್ಮ ಗಾಳ ಸಿಕ್ಕಿಬಿದ್ದರೆ ಎರಡೂ ಹಾಳು. ಕೇಳಿದವರಿಗೆ ಅವರು ಬಲೆಯ ಜಾಗದ ಜೊತೆಗೆ ಮೀನಿನ ಜಾಗವನ್ನೂ ತೋರಿಸಿದ್ದು ನಮ್ಮ ಅನುಭವ.

ಸಿಡಿಮದ್ದು, ವಿಷ ಹಾಕಿ ಮೀನು ಹಿಡಿಯುವುದನ್ನು 1897ರ ಮೀನುಗಾರಿಕೆ ಕಾಯ್ದೆಯೇ ಅಪರಾಧವೆಂದು ಹೇಳಿದೆ. ಅದು ಮರಿ, ಮೊಟ್ಟೆ, ಹುಳು ಎಲ್ಲವನ್ನೂ ಒಟ್ಟಿಗೆ ಕೊಲ್ಲುತ್ತದೆ. ಅಂಥದ್ದು ಕಂಡರೆ ಸುಮ್ಮನಿರದೆ ಇಲಾಖೆಗೆ ತಿಳಿಸಿ.

ಬಾಯಿ ನೋಡಿ ಎರೆ ಕಟ್ಟಿ

ಮೀನಿನ ಬಾಯಿಯ ಆಕಾರ ನೋಡಿದರೆ ಅದು ಎಲ್ಲಿ ಮೇಯುತ್ತದೆ ಎಂದು ತಿಳಿಯುತ್ತದೆ. ಕಟ್ಲಾದ ಬಾಯಿ ಮೇಲ್ಮುಖ. ಅದು ಮೇಲಿನ ನೀರಿನ ಮೀನು. ರೋಹು ನಡುನೀರಿನದು. ಮೃಗಾಲ್‌ನ ಬಾಯಿ ಕೆಳಮುಖ. ತಳದ ಕೆಸರಿನಲ್ಲಿ ಹುಡುಕಿ ತಿನ್ನುತ್ತದೆ. ಸಾಮಾನ್ಯ ಗೆಂಡೆಯೂ ತಳವನ್ನು ಕೆದಕುವ ಮೀನೇ. ಶಾಂತ ನೀರಿನಲ್ಲಿ ಸಣ್ಣ ಗುಳ್ಳೆಗಳು ಸಾಲಾಗಿ ಏಳುತ್ತಿದ್ದರೆ ಕೆಳಗೆ ಗೆಂಡೆ ಮೇಯುತ್ತಿರಬಹುದು. ದಂಡೆಯ ಅಂಚಿನ ತಿಳಿನೀರಿನಲ್ಲಿ ಜಿಲೇಬಿ ಮೀನು ಓಡಾಡುತ್ತದೆ; ಮಕ್ಕಳ ಮೊದಲ ಮೀನು ಸಾಮಾನ್ಯವಾಗಿ ಅದೇ. ಸಂಜೆಯಾಗುತ್ತಲೇ ಬೇಟೆಗೆ ಹೊರಡುವುದು ಬಾಳೆ ಮೀನು. ಅದರ ಬಾಯಿ ಅಗಲ, ಹಲ್ಲು ಚೂಪು; ಬೆರಳು ಒಳಗೆ ಹಾಕಿದಿರಿ ಜೋಕೆ.

ನಮ್ಮ ಸೀಮೆಯಲ್ಲಿ ಎರೆಗೆ ದುಡ್ಡು ಸುರಿಯಬೇಕಾಗಿಲ್ಲ. ಗಾಣದಿಂದ ತಂದ ಶೇಂಗಾ ಹಿಂಡಿಯನ್ನು ಪುಡಿ ಮಾಡಿ, ಅದರಲ್ಲಿ ಅರ್ಧದಷ್ಟು ಜೋಳದ ಹಿಟ್ಟು, ಒಂದು ಹಿಡಿ ತವುಡು, ನಿಂಬೆಹಣ್ಣಿನಷ್ಟು ಬೆಲ್ಲ ಹಾಕಿ, ಬಿಸಿನೀರಿನಲ್ಲಿ ರೊಟ್ಟಿಯ ಹಿಟ್ಟಿಗಿಂತ ಗಟ್ಟಿಯಾಗಿ ನಾದಿ. ಒದ್ದೆ ಬಟ್ಟೆಯಲ್ಲಿ ಸುತ್ತಿ ಒಂದು ರಾತ್ರಿ ಇಟ್ಟರೆ ಸ್ವಲ್ಪ ಹುಳಿಯೊಡೆದು ವಾಸನೆ ಹಿಡಿಯುತ್ತದೆ. ರೋಹು, ಗೆಂಡೆ, ಮೃಗಾಲ್ ಮೂರಕ್ಕೂ ಅದು ಆಗುತ್ತದೆ. ಜಿಲೇಬಿಗೆ ಎರೆಹುಳುವಿನ ತುಂಡು ಸಾಕು. ಕೂಡುವ ಜಾಗ ಗೊತ್ತಾದ ಕೂಡಲೇ ಅದೇ ಹಿಂಡಿಯ ನಾಲ್ಕು ಉಂಡೆ ನೀರಿಗೆ ಎಸೆಯಿರಿ. ಮೀನು ಬರಲು ಅರ್ಧ ತಾಸು ಹಿಡಿದರೂ ಬಂದದ್ದು ನಿಲ್ಲುತ್ತದೆ. ಬಹಳ ಹಾಕಿದರೆ ಹೊಟ್ಟೆ ತುಂಬಿದ ಮೀನು ಗಾಳದ ಕಡೆ ನೋಡುವುದಿಲ್ಲ.

ಸಾಮಾನು ಕಡಿಮೆ ಇದ್ದರೂ ಗಟ್ಟಿ ಇರಲಿ

ಒಬ್ಬರಿಗೆ ಒಂದು ಕೋಲು ಸಾಕು. ಏಳೆಂಟು ಅಡಿಯ ರಾಡು, ಮಧ್ಯಮ ಗಾತ್ರದ ರೀಲು, 0.30ರಿಂದ 0.40 ಮಿಲಿಮೀಟರ್ ದಪ್ಪದ ನೈಲಾನ್ ದಾರ, ಬೆಂಡು, ಸೀಸದ ಗುಂಡು. ಗಾಳ ಕೊಳ್ಳುವಾಗ ಒಂದು ಮಾತು ನೆನಪಿಡಿ: ನಂಬರ್ ಹೆಚ್ಚಾದಂತೆ ಗಾಳ ಸಣ್ಣದಾಗುತ್ತದೆ. ಜಿಲೇಬಿಗೆ 8 ಅಥವಾ 10, ಗೆಂಡೆ ಮತ್ತು ರೋಹುಗೆ 4 ಅಥವಾ 6. ಬಾಳೆ ಮೀನಿಗೆ ದೊಡ್ಡ ಗಾಳವೂ, ಹಲ್ಲಿಗೆ ಕಡಿಯದ ತಂತಿಯ ತುಂಡೂ ಬೇಕು.

ದೊಡ್ಡ ಮೀನು ತಪ್ಪಿಸಿಕೊಳ್ಳುವುದು ಹೆಚ್ಚಾಗಿ ಗಂಟಿನಲ್ಲಿ. ದಾರವನ್ನು ಗಾಳದ ಕಣ್ಣಿಗೆ ಪೋಣಿಸಿ, ತನ್ನ ಮೇಲೆಯೇ ಐದು ಸುತ್ತು ಸುತ್ತಿ, ತುದಿಯನ್ನು ಕಣ್ಣಿನ ಹತ್ತಿರದ ಕುಣಿಕೆಯಲ್ಲಿ ತೂರಿಸಿ, ಎಂಜಲು ಹಚ್ಚಿ ಒದ್ದೆ ಮಾಡಿ ಬಿಗಿಯಿರಿ. ಒಣ ದಾರವನ್ನು ಬಿಗಿದರೆ ತಿಕ್ಕಾಟದ ಬಿಸಿಗೆ ಅದು ಸೋಲುತ್ತದೆ. ರೀಲಿನ ಬಿಗಿಯನ್ನು ದಾರದ ತಾಕತ್ತಿನ ಮೂರರಲ್ಲೊಂದು ಪಾಲಿಗೆ ಇಟ್ಟುಕೊಳ್ಳಿ. ಮೀನು ಎಳೆದರೆ ದಾರ ಕೊಡಬೇಕು, ನಿಂತರೆ ಸುತ್ತಬೇಕು.

ತೆಪ್ಪದ ಹಿಂದೆ ಎಳೆಯುವ ಗಾಳ

ಅಮೆರಿಕದ ಮಿಷಿಗನ್ ಸರೋವರದಲ್ಲಿ ಗೆಳೆಯರು ಗುಂಪಾಗಿ ದೋಣಿ ಹತ್ತಿ ಸಾಲ್ಮನ್ ಹಿಡಿಯುವುದನ್ನು ಶಿಕಾಗೊ, ಡೆಟ್ರಾಯಿಟ್ ಕಡೆ ನೆಲೆಸಿದ ನಮ್ಮವರ ಬಾಯಲ್ಲಿ ಕೇಳಿರಬಹುದು. ಅದು ಅಲ್ಲಿಗೂ ಹೊರಗಿನಿಂದ ಬಂದ ಮೀನು. ಸಮುದ್ರದಿಂದ ನುಗ್ಗಿದ ಏಲ್‌ವೈಫ್ ಎಂಬ ಸಣ್ಣ ಮೀನು ಮಿತಿಮೀರಿ ಹೆಚ್ಚಿದಾಗ, ಅದನ್ನು ತಿನ್ನಲೆಂದು ಹೊವರ್ಡ್ ಟ್ಯಾನರ್ ಎಂಬ ಮೀನುತಜ್ಞರ ಮುಂದಾಳತ್ವದಲ್ಲಿ 1966ರಲ್ಲಿ ಪೆಸಿಫಿಕ್ ಕರಾವಳಿಯ ಕೋಹೊ ಸಾಲ್ಮನ್ ಮರಿಗಳನ್ನು ಅಲ್ಲಿ ಬಿಟ್ಟರು. ಚಲಿಸುವ ದೋಣಿಯ ಹಿಂದೆ ಹೊಳೆಯುವ ತಗಡಿನ ಮೀನು ಕಟ್ಟಿ ಎಳೆಯುವ ಆ ಪದ್ಧತಿಯ ಹೆಸರು ಟ್ರೋಲಿಂಗ್. ನಮ್ಮ ಕರಾವಳಿಯ ಟ್ರಾಲ್ ಬಲೆ ಬೇರೆ, ಇದು ಬೇರೆ. ಇಲ್ಲಿ ಬಲೆಯೇ ಇಲ್ಲ.

ಸಾಲ್ಮನ್ ತಂಪಿನ ಮೀನು. ಬೇಸಿಗೆಯಲ್ಲಿ ಮೇಲಿನ ನೀರು ಕಾದರೆ ಅದು ಆಳದ ತಣ್ಣನೆಯ ಪದರಕ್ಕೆ ಇಳಿಯುತ್ತದೆ. ಆದ್ದರಿಂದ ಅಲ್ಲಿನವರು ಭಾರದ ಗುಂಡಿಗೆ ದಾರ ಸಿಕ್ಕಿಸಿ, ಬೇಕಾದ ಆಳಕ್ಕೆ ಇಳಿಸಿ, ಮನುಷ್ಯ ನಡೆಯುವ ವೇಗದಲ್ಲಿ ದೋಣಿ ಓಡಿಸುತ್ತಾರೆ. ಮೀನು ಇಂದು ಎಷ್ಟು ಆಳದಲ್ಲಿದೆ ಎಂಬುದೇ ಅವರಿಗೂ ಮೊದಲ ಪ್ರಶ್ನೆ. ನಮ್ಮ ಹಿರಿಯ ಮೀನುಗಾರರು ಹೇಳಿದ್ದೂ ಅದನ್ನೇ ಅಲ್ಲವೆ?

ನಮ್ಮಲ್ಲಿ ಸಾಲ್ಮನ್ ಇಲ್ಲ. ಎಳೆಗಾಳಕ್ಕೆ ತಕ್ಕ ಬೇಟೆಗಾರ ಬಾಳೆ ಮೀನು. ಪರವಾನಗಿ ಇರುವ ಮೀನುಗಾರರೊಬ್ಬರು ತಮ್ಮ ತೆಪ್ಪ ಅಥವಾ ದೋಣಿಯಲ್ಲಿ ಕರೆದೊಯ್ಯಲು ಒಪ್ಪಿದರೆ, ಅವರ ದಿನದ ದುಡಿಮೆಗೆ ತಕ್ಕ ಕೂಲಿಯನ್ನು ಮೊದಲೇ ಮಾತಾಡಿ. ಹುಟ್ಟು ಹಾಕುವ ನಿಧಾನದ ವೇಗವೇ ಸಾಕು. ಚಮಚದ ಆಕಾರದ ತಗಡನ್ನು ಮೂವತ್ತು ನಲವತ್ತು ಅಡಿ ಹಿಂದೆ ಬಿಟ್ಟು, ಹಳೆಯ ಹೊಳೆಯ ಅಂಚಿನ ಗುಂಟ ಸಾಗಬೇಕು. ಒಂದು ತೆಪ್ಪಕ್ಕೆ ಒಂದೇ ದಾರ. ಎರಡಾದರೆ ತಿರುವಿನಲ್ಲಿ ಸುತ್ತಿಕೊಳ್ಳುತ್ತವೆ. ನೀರುಕಾಗೆಗಳು ಗುಂಪಾಗಿ ಮುಳುಗಿ ಏಳುತ್ತಿರುವ ಕಡೆ ಸಣ್ಣ ಮೀನಿನ ಹಿಂಡಿರುತ್ತದೆ. ಹಿಂಡಿನ ಕೆಳಗೆ ಬಾಳೆ ಕಾಯುತ್ತಿರಬಹುದು.

ಜೀವಕ್ಕಿಂತ ಮೀನು ದೊಡ್ಡದಲ್ಲ

ಈ ಭಾಗವನ್ನು ಹೊರಡುವ ಮೊದಲು ಎಲ್ಲರೂ ಒಮ್ಮೆ ಓದಿಕೊಳ್ಳಿ.

ತೆಪ್ಪ ಹತ್ತುವವರಿಗೆ ಲೈಫ್ ಜಾಕೆಟ್ ಇರಲೇಬೇಕು, ಈಜು ಬಲ್ಲವರಿಗೂ. ಜಾಕೆಟ್ ಇಲ್ಲದಿದ್ದರೆ ಆ ದಿನ ದಂಡೆಯ ಮೀನೇ ಮೀನು. ತೆಪ್ಪದಲ್ಲಿ ಎದ್ದು ನಿಲ್ಲುವುದು, ಸೆಲ್ಫಿಗೆ ಒಂದೇ ಬದಿಗೆ ಸರಿಯುವುದು ಬೇಡ.

ನೀರು ಇಳಿದ ಮೇಲೆ ತೆರೆದುಕೊಳ್ಳುವ ಎರೆಮಣ್ಣನ್ನು ನಂಬಬೇಡಿ. ಮೇಲೆ ಒಣಗಿ ಬಿರುಕು ಬಿಟ್ಟಂತೆ ಕಾಣುತ್ತದೆ, ಒಳಗೆ ಮೊಣಕಾಲು ನುಂಗುವ ರಾಡಿ ಇರುತ್ತದೆ. ಇದು ಹಿಂದೊಮ್ಮೆ ಊರು, ಹೊಲಗಳಿದ್ದ ನೆಲ. ನೀರಿನ ಕೆಳಗೆ ಬಾವಿಯೋ ಗುಂಡಿಯೋ ಎಲ್ಲಿದೆ ಎಂದು ಹೊರಗಿನವರಿಗೆ ತಿಳಿಯದು. ಸಿಕ್ಕಿಕೊಂಡ ಗಾಳ ಬಿಡಿಸಲು ನೀರಿಗೆ ಇಳಿಯಬೇಡಿ. ದಾರ ಕಡಿಯಿರಿ. ಗಾಳದ ಬೆಲೆ ಹತ್ತಿಪ್ಪತ್ತು ರೂಪಾಯಿ.

ಏಪ್ರಿಲ್, ಮೇ ತಿಂಗಳ ಮಧ್ಯಾಹ್ನ ಮೋಡ ಕಟ್ಟಿ ಗುಡುಗು ಕೇಳಿದ ಕೂಡಲೇ ಕೋಲು ಕೆಳಗಿಡಿ. ಬಯಲಿನಲ್ಲಿ ಎತ್ತಿ ಹಿಡಿದ ರಾಡು ಸಿಡಿಲನ್ನು ಕರೆದಂತೆ. ಕಾರ್ಬನ್ ರಾಡಿನಲ್ಲಿ ವಿದ್ಯುತ್ ಹರಿಯುತ್ತದೆ. ಒಂಟಿ ಮರದ ಕೆಳಗೆ ನಿಲ್ಲದೆ ವಾಹನದೊಳಗೆ ಸೇರಿ. ವಿದ್ಯುತ್ ತಂತಿಯ ಕೆಳಗೆ ಗಾಳ ಬೀಸಬೇಡಿ.

ಮಳೆಗಾಲದಲ್ಲಿ ಅಣೆಕಟ್ಟೆಯ ಕೆಳಗಿನ ಹೊಳೆಗೆ ಇಳಿಯಲೇಬಾರದು. ಗೇಟು ತೆಗೆದರೆ ನೀರು ಹೇಗೆ ಬರುತ್ತದೆ ಎಂಬುದನ್ನು 2019ರ ಆಗಸ್ಟ್‌ನಲ್ಲಿ ಮುನವಳ್ಳಿ, ರಾಮದುರ್ಗದ ಜನ ಕಂಡಿದ್ದಾರೆ.

ಹಿಡಿದದ್ದೆಲ್ಲ ನಮ್ಮದಲ್ಲ

ಗುಂಪಿಗೆ ಒಂದು ಊಟಕ್ಕೆ ಎಷ್ಟು ಬೇಕೋ ಅಷ್ಟೇ ಇಟ್ಟುಕೊಳ್ಳುವುದು ನಮ್ಮ ನೇಮ. ಅಂಗೈ ಅಗಲದ ಮರಿಗಳನ್ನು ಬಿಟ್ಟುಬಿಡುತ್ತೇವೆ. ಬಿಡುವ ಮೀನನ್ನು ಒಣ ಕೈಯಲ್ಲಿ ಹಿಡಿಯಬಾರದು. ಮೈಮೇಲಿನ ಲೋಳೆ ಹೋದರೆ ಅದಕ್ಕೆ ರೋಗ ತಗಲುತ್ತದೆ. ಕೈ ಒದ್ದೆ ಮಾಡಿ, ನೀರಿನಲ್ಲಿಯೇ ಗಾಳ ಬಿಡಿಸಿ, ತಲೆಯನ್ನು ನೀರಿನ ಕಡೆಗೆ ಹಿಡಿದು ಅದಾಗಿಯೇ ಈಜುವ ತನಕ ಕಾಯಿರಿ. ಕೊರವ ಮೀನು ಕೆಂಪು ಮರಿಗಳ ಗುಂಪನ್ನು ಕಾಯುತ್ತ ಸುತ್ತುತ್ತಿದ್ದರೆ ಅದಕ್ಕೆ ಗಾಳ ಹಾಕುವುದು ಪಾಪ. ತಾಯಿತಂದೆ ಹೋದರೆ ಮರಿಗಳು ಒಂದೇ ದಿನದಲ್ಲಿ ಬೇರೆ ಮೀನಿನ ಬಾಯಿಗೆ ಬೀಳುತ್ತವೆ.

ಹಿಡಿದು ಬಿಡುವ ಪದ್ಧತಿ ನಮ್ಮ ನಾಡಿಗೆ ಹೊಸದೇನಲ್ಲ. ಕಾವೇರಿಯ ದಂಡೆಯಲ್ಲಿ ಮಹಶೀರ್ ಹಿಡಿಯುವವರು ಅದನ್ನು ತೂಗಿ, ಮುಟ್ಟಿ, ಮರಳಿ ನೀರಿಗೆ ಬಿಡುತ್ತ ಬಂದಿದ್ದಾರೆ. ಅಲ್ಲಿನ ಗೂನುಬೆನ್ನಿನ ಮಹಶೀರ್ ಇಂದು ತೀವ್ರ ಅಳಿವಿನಂಚಿನ ಪಟ್ಟಿಯಲ್ಲಿದೆ. ಹೇರಳವಾಗಿದ್ದದ್ದು ಹೇಗೆ ಅಪರೂಪವಾಗುತ್ತದೆ ಎಂಬುದಕ್ಕೆ ದೂರ ಹೋಗಬೇಕಾಗಿಲ್ಲ.

ಬುತ್ತಿ ಮತ್ತು ಒಲೆ

ಮೀನು ಸಿಕ್ಕೀತೆಂದು ನಂಬಿ ಖಾಲಿ ಕೈಯಲ್ಲಿ ಹೋಗಬೇಡಿ. ಖಡಕ್ ರೊಟ್ಟಿ, ಶೇಂಗಾ ಚಟ್ನಿ, ಝುಣಕ, ಗಟ್ಟಿ ಮೊಸರು, ಉಳ್ಳಾಗಡ್ಡಿ ಕಟ್ಟಿಕೊಂಡರೆ ಯಾರೂ ಹಸಿದಿರುವುದಿಲ್ಲ. ನಮ್ಮ ಸೀಮೆಯ ಗೆಳೆತನದಲ್ಲಿ ಮೀನು ಮುಟ್ಟದವರು ಒಬ್ಬಿಬ್ಬರಾದರೂ ಇದ್ದೇ ಇರುತ್ತಾರೆ. ಅವರ ಪಾತ್ರೆ, ಅವರ ಬುತ್ತಿ ಬೇರೆಯೇ ಇರಲಿ. ಊಟ ಮಾತ್ರ ಒಂದೇ ಪಂಕ್ತಿಯಲ್ಲಿ.

ಮೀನು ಹಿಡಿದ ಕೂಡಲೇ ಹೊಟ್ಟೆ ಸೀಳಿ ಕರುಳು, ಕಿವಿರು ತೆಗೆದು, ಒದ್ದೆ ಗೋಣಿಚೀಲದಲ್ಲಿ ನೆರಳಿಗಿಡಿ. ಐಸ್ ಇದ್ದರೆ ಇನ್ನೂ ಒಳ್ಳೆಯದು. ಸಾರಿಗೆ ಬ್ಯಾಡಗಿ ಮೆಣಸಿನಕಾಯಿ, ಬೆಳ್ಳುಳ್ಳಿ, ಕೊತ್ತಂಬರಿ ಬೀಜ, ಒಣಕೊಬ್ಬರಿ ಹುರಿದು ಅರೆದು, ಹುಣಸೆ ರಸ, ಅರಿಷಿಣ, ಉಪ್ಪು ಸೇರಿಸಿ ಕುದಿಸಿ. ಮಸಾಲೆ ಚೆನ್ನಾಗಿ ಕುದ್ದ ಮೇಲೆಯೇ ಮೀನಿನ ತುಂಡು ಹಾಕಬೇಕು. ಹತ್ತು ನಿಮಿಷ ಸಾಕು. ಸೌಟು ಆಡಿಸದೆ ಪಾತ್ರೆಯನ್ನೇ ಅಲುಗಿಸಿ. ರೋಹು, ಗೆಂಡೆಯಲ್ಲಿ ಸಣ್ಣ ಮುಳ್ಳು ಬಹಳ, ಮಕ್ಕಳಿಗೆ ಬಿಡಿಸಿ ಕೊಡಿ. ಒಲೆಗೆ ಗಾಳಿ ಮರೆ ನೋಡಿ. ಒಣಹುಲ್ಲಿನ ನಡುವೆ ಬೆಂಕಿ ಬೇಡ. ಏಳುವಾಗ ನೀರು ಸುರಿದು ಬೂದಿ ತಣ್ಣಗಾದದ್ದನ್ನು ಮುಟ್ಟಿ ನೋಡಿ.

ಈ ನೀರನ್ನು ಹುಬ್ಬಳ್ಳಿ–ಧಾರವಾಡದ ಮನೆಗಳೂ ಕುಡಿಯುತ್ತವೆ. ಪ್ಲಾಸ್ಟಿಕ್, ಬಾಟಲಿ, ಮೀನಿನ ಕರುಳು ಯಾವುದೂ ನೀರಿಗೆ ಬೀಳಬಾರದು. ಎಲ್ಲಕ್ಕಿಂತ ಅಪಾಯದ್ದು ಕಡಿದು ಬಿಸಾಡಿದ ನೈಲಾನ್ ದಾರ. ಅದು ಕರಗುವುದಿಲ್ಲ, ಕೊಕ್ಕರೆಯ ಕಾಲಿಗೆ, ಮೇಯುವ ದನದ ಬಾಯಿಗೆ ಸಿಗುತ್ತದೆ. ಒಂದು ಡಬ್ಬಿ ಇಟ್ಟುಕೊಂಡು ತುಂಡುಗಳನ್ನೆಲ್ಲ ಅದರಲ್ಲಿ ಹಾಕಿ ಮನೆಗೆ ತನ್ನಿ.

ಒಂದು ನೋಟ್‌ಬುಕ್

ಕೊನೆಯದಾಗಿ, ಬುತ್ತಿಯ ಚೀಲದಲ್ಲಿ ಒಂದು ನೂರು ಪುಟದ ನೋಟ್‌ಬುಕ್ ಇರಲಿ. ಪ್ರತಿಸಲ ಐದು ಸಂಗತಿ ಬರೆಯಿರಿ: ತಾರೀಖು, ಪೇಪರ್‌ನಲ್ಲಿ ಬಂದ ನೀರಿನ ಮಟ್ಟ, ಕುಳಿತ ಜಾಗ, ಎರೆ, ಸಿಕ್ಕಿದ್ದು. ಏನೂ ಸಿಗದ ದಿನ ತಪ್ಪದೆ ಬರೆಯಿರಿ, ಕಲಿಸುವುದು ಆ ಸಾಲೇ ಹೆಚ್ಚು. ನಾಲ್ಕು ಋತು ಕಳೆದ ಮೇಲೆ ಪುಟ ತಿರುವಿದರೆ, ಯಾವ ಮಟ್ಟಕ್ಕೆ ಮೀನು ಯಾವ ದಂಡೆಗೆ ಬರುತ್ತದೆ ಎಂಬುದು ತಾನಾಗಿ ಕಾಣತೊಡಗುತ್ತದೆ.

ನಮ್ಮ ನೋಟ್‌ಬುಕ್ಕಿನ ಮೊದಲ ಪುಟದಲ್ಲಿ ಆ ಯುಗಾದಿಯ ದಿನವಿದೆ. ಮಟ್ಟದ ಜಾಗ ಖಾಲಿ, ಸಿಕ್ಕಿದ್ದರ ಎದುರು ಸೊನ್ನೆ. ಅದರ ಕೆಳಗೆ ಗೆಳೆಯನೊಬ್ಬ ಆ ಹಿರಿಯರ ಮಾತನ್ನು ಅವರು ಆಡಿದ ಹಾಗೆಯೇ ಬರೆದಿಟ್ಟಿದ್ದಾನೆ. ಎರಡನೆಯ ಪುಟದಿಂದ ಮಟ್ಟದ ಜಾಗ ಒಮ್ಮೆಯೂ ಖಾಲಿ ಬಿಟ್ಟಿಲ್ಲ.